ಹೊಟ್ಟೆ ತುಂಬಿತ್ತು, ಚರ್ಮ ಸುಲಿಯಿತು: ರ‍್ಯಾಂಕಿನ್ ಜೈಲು ತೋಟದ ಪ್ರಕರಣ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಜ್ಯಾಕ್ಸನ್ ನಗರದ ಆಚೆ, ರ‍್ಯಾಂಕಿನ್ ಎಂಬ ಜೈಲು ತೋಟವಿತ್ತು. 1915ರ ಏಪ್ರಿಲ್ 19ರಂದು ಅಲ್ಲಿನ ಕೆಲವು ಕೈದಿಗಳ ಊಟದಿಂದ ಹಾಲು, ಮೊಟ್ಟೆ, ಮಾಂಸ, ಕಾಳು ಇವಿಷ್ಟನ್ನು ತೆಗೆದುಹಾಕಿದರು. ಉಳಿದದ್ದು ಬೇಕಾದಷ್ಟು ಸಿಗುತ್ತಿತ್ತು. ಬೆಳಿಗ್ಗೆ ಮೈದಾ ಹಿಟ್ಟಿನ ಬಿಸ್ಕತ್ತು, ಮೆಕ್ಕೆಜೋಳದ ನುಚ್ಚು, ಅಂಬಲಿಯನ್ನು ಗಟ್ಟಿ ಮಾಡಿ ಕರಿದ ತುಂಡುಗಳು, ಕಬ್ಬಿನ ಜೋನಿಬೆಲ್ಲ, ಸಕ್ಕರೆ ಹಾಕಿದ ಕಾಫಿ. ಮಧ್ಯಾಹ್ನ ಮೆಕ್ಕೆಜೋಳದ ರೊಟ್ಟಿ, ಕೋಸು ಅಥವಾ ಸೊಪ್ಪು, ಗೆಣಸು, ಮತ್ತೆ ನುಚ್ಚು, ಮತ್ತೆ ಜೋನಿಬೆಲ್ಲ. ರಾತ್ರಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಗ್ರೇವಿ, ಕರಿದ ಅಂಬಲಿ, ಕಾಫಿ. ಅಡುಗೆಗೆ ಹಂದಿಯ ಕೊಬ್ಬು. ದಿನಕ್ಕೆ 3,000 ಕ್ಯಾಲೊರಿಯ ಆಸುಪಾಸಿನ ಊಟ ಅದು. ಯಾರೂ ಹಸಿದು ಮಲಗಲಿಲ್ಲ.

ಐದು ತಿಂಗಳು ಕಳೆಯುವ ಹೊತ್ತಿಗೆ ಅವರಲ್ಲಿ ಹಲವರ ಚರ್ಮ ಒಡೆಯತೊಡಗಿತು.

ಆಹಾರಕ್ಕೂ ಚರ್ಮಕ್ಕೂ ಇರುವ ನಂಟಿನ ಬಗ್ಗೆ ಇಂದು ಬರುವ ಮಾತಿನಲ್ಲಿ ಬಹುಪಾಲು ಹೊಳಪಿನದು: ಯಾವ ಹಣ್ಣು ತಿಂದರೆ ಮುಖ ಮಿನುಗುತ್ತದೆ, ಯಾವ ಪುಡಿ ಕುಡಿದರೆ ಕಲೆ ಹೋಗುತ್ತದೆ ಎಂಬುದು. ರ‍್ಯಾಂಕಿನ್ ಪ್ರಕರಣ ಅದಕ್ಕಿಂತ ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಊಟದಲ್ಲಿ ಯಾವುದು ಇಲ್ಲದಿದ್ದರೆ ಚರ್ಮ ಎಲ್ಲಿ, ಎಷ್ಟು ದಿನದಲ್ಲಿ, ಯಾವ ಕ್ರಮದಲ್ಲಿ ಕೆಡುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣಗಳು ಕಡಿಮೆ.

ಹಿನ್ನೆಲೆ

ಕಾಯಿಲೆಯ ಹೆಸರು ಪೆಲ್ಲಾಗ್ರ. ಸ್ಪೇನಿನ ಅಸ್ಟೂರಿಯಾಸ್ ಸೀಮೆಯ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಬಡ ರೈತರಲ್ಲಿ ಇದನ್ನು ಗುರುತಿಸಿದ. ಅವರ ಮುಖ್ಯ ಆಹಾರ ಮೆಕ್ಕೆಜೋಳ. ಕೊರಳ ಸುತ್ತ ಹಾರದಂತೆ ಮೂಡುವ ಕಪ್ಪು ಪಟ್ಟಿಯನ್ನು ಇಂದಿಗೂ ಚರ್ಮವೈದ್ಯರು 'ಕಸಾಲನ ಹಾರ' ಎನ್ನುತ್ತಾರೆ. ಪೆಲ್ಲಾಗ್ರ ಎಂಬುದು ಇಟಲಿಯ ರೈತರ ಮಾತು, ಒರಟು ಚರ್ಮ ಎಂದರ್ಥ. ವೈದ್ಯ ಫ್ರಪೋಲಿ 1771ರಲ್ಲಿ ಅದನ್ನು ಪುಸ್ತಕಕ್ಕೆ ತಂದ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು 20ನೇ ಶತಮಾನದ ಆರಂಭದಲ್ಲಿ ಏಕಾಏಕಿ ಕಾಣಿಸಿತು. 1906ರಲ್ಲಿ ಅಲಬಾಮಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿ 88 ಮಂದಿಗೆ ತಗುಲಿ 57 ಮಂದಿ ತೀರಿಕೊಂಡರು. ಆಮೇಲಿನ ಮೂರು ದಶಕಗಳಲ್ಲಿ ಆ ದೇಶದಲ್ಲಿ ಸುಮಾರು 30 ಲಕ್ಷ ಜನರಿಗೆ ಕಾಯಿಲೆ ಬಂತು, ಲಕ್ಷದಷ್ಟು ಸಾವಾಯಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಹತ್ತಿ ಬೆಳೆಯುವ ಗೇಣಿದಾರರು, ಗಿರಣಿ ಕೂಲಿಗಳು, ಅನಾಥಾಲಯದ ಮಕ್ಕಳು, ಜೈಲಿನವರು ಇದಕ್ಕೆ ಸಿಕ್ಕವರು. ಗಂಡಸರಿಗಿಂತ ಹೆಂಗಸರಲ್ಲಿ ಸಾವು ಹೆಚ್ಚು. ಮನೆಯಲ್ಲಿ ಇದ್ದ ಚೂರು ಮಾಂಸ, ಹಾಲು ದುಡಿಯುವ ಗಂಡಸಿಗೂ ಮಕ್ಕಳಿಗೂ ಹೋಗುತ್ತಿತ್ತು, ಉಳಿದದ್ದು ತಾಯಿಗೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಆದ್ದರಿಂದ ಈ ವಿವರ ನಮಗೆ ದೂರದ್ದಲ್ಲ.

ಆಗಿನ ಬಹುತೇಕ ವೈದ್ಯರ ಪ್ರಕಾರ ಇದು ಸೋಂಕು. 1914ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಇದರ ಬೆನ್ನು ಹತ್ತಲು ಕಳಿಸಿತು. ಹಂಗೆರಿಯಿಂದ ವಲಸೆ ಬಂದ ಕುಟುಂಬದವರು ಅವರು, ಅದುವರೆಗೆ ಸಾಂಕ್ರಾಮಿಕ ರೋಗಗಳಲ್ಲೇ ಪಳಗಿದವರು. ಆಸ್ಪತ್ರೆ, ಅನಾಥಾಲಯಗಳನ್ನು ಸುತ್ತುವಾಗ ಅವರ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ. ರೋಗಿಗಳ ನಡುವೆ ಹಗಲೂ ರಾತ್ರಿ ಓಡಾಡುವ ದಾದಿಯರಿಗೆ, ಸಿಬ್ಬಂದಿಗೆ ಇದು ಬರುವುದೇ ಇಲ್ಲ. ಸೋಂಕಾಗಿದ್ದರೆ ಹೀಗೆ ಆಳುನೋಡಿ ಬಿಡುತ್ತಿರಲಿಲ್ಲ.

ಜ್ಯಾಕ್ಸನ್ನಿನ ಎರಡು ಅನಾಥಾಲಯಗಳು ಇನ್ನಷ್ಟು ಸುಳಿವು ಕೊಟ್ಟವು. ಅಲ್ಲಿ ಕಾಯಿಲೆ ಹೆಚ್ಚಾಗಿ 6ರಿಂದ 12 ವರ್ಷದ ಮಕ್ಕಳಲ್ಲಿ. ಅದಕ್ಕಿಂತ ಚಿಕ್ಕವರಿಗೆ ಹಾಲು ಸಿಗುತ್ತಿತ್ತು, ದೊಡ್ಡವರು ದುಡಿಯುವವರೆಂದು ಮಾಂಸ ಸಿಗುತ್ತಿತ್ತು, ನಡುವಿನವರಿಗೆ ಎರಡೂ ಇಲ್ಲ. 1914ರ ಸೆಪ್ಟೆಂಬರಿನಿಂದ ಎಲ್ಲರಿಗೂ ಹಾಲು, ಮೊಟ್ಟೆ, ಮಾಂಸ, ಬೀನ್ಸ್ ಕಾಳು ಕೊಡಲು ಶುರುಮಾಡಿದರು. ಕಟ್ಟಡ, ಹಾಸಿಗೆ, ನೀರು, ನೈರ್ಮಲ್ಯ ಏನನ್ನೂ ಬದಲಿಸಲಿಲ್ಲ. ಮುಂದಿನ ವರ್ಷ, ಕಾಯಿಲೆ ಮರುಕಳಿಸಬೇಕಾದ ಕಾಲದಲ್ಲಿ, ಹಳೆಯ ರೋಗಿಗಳಾದ 172 ಮಕ್ಕಳಲ್ಲಿ ಮರಳಿ ಬಂದದ್ದು ಒಬ್ಬರಿಗೆ ಮಾತ್ರ.

ತೋಟದ ಪ್ರಯೋಗ

ಊಟ ಕೊಟ್ಟರೆ ಕಾಯಿಲೆ ಹೋಗುತ್ತದೆ ಎಂಬುದು ಅರ್ಧ ಪುರಾವೆ. ಊಟ ಕಿತ್ತುಕೊಂಡರೆ ಬರುತ್ತದೆಯೇ ಎಂಬುದು ಉಳಿದರ್ಧ. ರಾಜ್ಯಪಾಲ ಅರ್ಲ್ ಬ್ರೂವರ್ ಒಪ್ಪಿದರು, ಮುಗಿಸಿದವರಿಗೆ ಕ್ಷಮಾದಾನ ಎಂದು ಕರಾರಾಯಿತು. 12 ಕೈದಿಗಳು ಮುಂದೆ ಬಂದರು. ಬಿಡುಗಡೆಯ ಆಸೆ ತೋರಿಸಿ ಕೈದಿಗಳನ್ನು ಕಾಯಿಲೆಗೆ ಒಡ್ಡುವುದನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದು, ಒಪ್ಪಲೂ ಬಾರದು. ಆ ಜ್ಞಾನಕ್ಕೆ ಬೆಲೆ ತೆತ್ತವರು ಈ ಕೈದಿಗಳೇ.

ಎಲ್ಲರೂ ಬಿಳಿಯ ವಯಸ್ಕ ಗಂಡಸರು. ಪೆಲ್ಲಾಗ್ರ ಅತಿ ಕಡಿಮೆ ಬರುತ್ತಿದ್ದ ಗುಂಪು ಅದು, ಅವರಿಗೇ ಬಂದರೆ ಪುರಾವೆ ಗಟ್ಟಿ ಎಂಬ ಲೆಕ್ಕ. ಫೆಬ್ರವರಿಯಿಂದ ಏಪ್ರಿಲ್ ನಡುಭಾಗದವರೆಗೆ ಜೈಲಿನ ಮಾಮೂಲಿ ಊಟದಲ್ಲೇ ಇರಿಸಿ, ಮೊದಲೇ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಂಡರು. ಸೊಳ್ಳೆ, ನೊಣ ಬಾರದಂತೆ ಜಾಲರಿ ಹಾಕಿದ ಪ್ರತ್ಯೇಕ ಮನೆ, ಶುಚಿ ಹಾಸಿಗೆ, ಹೆಚ್ಚು ಕಷ್ಟವಿಲ್ಲದ ಕೆಲಸ, ಕದ್ದು ತಿನ್ನದಂತೆ ಕಾವಲು. ಅದೇ ತೋಟದ ಉಳಿದ ಕೈದಿಗಳು ಇವರಿಗಿಂತ ಕೊಳಕಾದ ಜಾಗದಲ್ಲಿದ್ದರು, ಆದರೆ ಮಾಮೂಲಿ ಊಟ ಉಣ್ಣುತ್ತಿದ್ದರು. ಹೋಲಿಕೆಗೆ ಅವರೇ ಆಧಾರ. ನಡುವೆ ಒಬ್ಬನನ್ನು ಬೇರೆ ಕಾಯಿಲೆಯ ಕಾರಣ ಬಿಟ್ಟರು, ಉಳಿದವರು 11.

ಮೊದಲ ವಾರಗಳಲ್ಲಿ ಸುಸ್ತು, ತಲೆನೋವು, ಹೊಟ್ಟೆಯ ಸಂಕಟ. ಇವು ಯಾವ ಕಾಯಿಲೆಯಲ್ಲೂ ಇರಬಹುದು. ಚರ್ಮದ ಮೇಲೆ, ದೇಹದ ಎರಡೂ ಕಡೆ ಒಂದೇ ಸಮ, ಪೆಲ್ಲಾಗ್ರದ ಗುರುತು ಮೂಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂಬುದು ಗೋಲ್ಡ್‌ಬರ್ಗರ್ ಮತ್ತು ಅವರ ಜೊತೆಗಾರ ಜಾರ್ಜ್ ವೀಲರ್ ಹಾಕಿಕೊಂಡ ನಿಯಮ. ಸೆಪ್ಟೆಂಬರ್ 12ರ ನಂತರ ಆ ಗುರುತು ಬಂತು, ಅದೂ ಯಾರೂ ನಿರೀಕ್ಷಿಸದ ಜಾಗದಲ್ಲಿ, ವೃಷಣಚೀಲದ ಚರ್ಮದಲ್ಲಿ. ಆಮೇಲೆ ಇಬ್ಬರಿಗೆ ಹಿಂಗೈಯಲ್ಲಿ, ಒಬ್ಬನಿಗೆ ಕುತ್ತಿಗೆಯ ಹಿಂಬದಿಯಲ್ಲಿ. ಹೊರಗಿನ ಚರ್ಮತಜ್ಞರನ್ನು ಕರೆಸಿ ತೋರಿಸಿದರು. ಅಕ್ಟೋಬರ್ 31ಕ್ಕೆ ಪ್ರಯೋಗ ನಿಂತಾಗ 11ರಲ್ಲಿ 6 ಮಂದಿಗೆ ಪೆಲ್ಲಾಗ್ರ. ಮಾಮೂಲಿ ಊಟದ ಕೈದಿಗಳಲ್ಲಿ ಒಬ್ಬನಿಗೂ ಇಲ್ಲ.

ಇಷ್ಟಾದರೂ ಸೋಂಕುವಾದಿಗಳು ಬಗ್ಗಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್, ಅವರ ಪತ್ನಿ ಮೇರಿ ಮತ್ತು ಸಹೋದ್ಯೋಗಿಗಳು ಸೇರಿ ಒಟ್ಟು 16 ಮಂದಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು: ಕೆಲವರು ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು, ಕೆಲವರು ಅವರ ಚರ್ಮದ ಹೊಟ್ಟು ಮತ್ತು ಮಲಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ನುಂಗಿದರು. ಯಾರಿಗೂ ಪೆಲ್ಲಾಗ್ರ ಬರಲಿಲ್ಲ.

ಚರ್ಮವೇ ಏಕೆ, ಆ ಜಾಗಗಳೇ ಏಕೆ

ಕೊರತೆಯ ವಸ್ತುವಿನ ಹೆಸರು ಗೋಲ್ಡ್‌ಬರ್ಗರ್ ಬದುಕಿದ್ದಾಗ ಗೊತ್ತಾಗಲಿಲ್ಲ. ಅವರು 1929ರಲ್ಲಿ ತೀರಿಕೊಂಡರು. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹ್ಯೆಮ್, ನಾಯಿಗಳಲ್ಲಿ ಇದೇ ಕೊರತೆಯಿಂದ ಬರುವ ಕಪ್ಪು ನಾಲಿಗೆ ರೋಗ ನಿಕೋಟಿನಿಕ್ ಆಮ್ಲದಿಂದ ವಾಸಿಯಾಗುತ್ತದೆಂದು ತೋರಿಸಿದರು. ಅದನ್ನೇ ಇಂದು ನಯಾಸಿನ್ ಅಥವಾ ವಿಟಮಿನ್ ಬಿ3 ಎನ್ನುತ್ತೇವೆ.

ಒಂದು ಒಗಟು ಉಳಿದಿತ್ತು. ಹಾಲಿನಲ್ಲಿ ನಯಾಸಿನ್ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಹಾಲು ಪೆಲ್ಲಾಗ್ರವನ್ನು ತಡೆಯುತ್ತದೆ. ಉತ್ತರ 1940ರ ದಶಕದಲ್ಲಿ ಸಿಕ್ಕಿತು. ಪ್ರೋಟೀನಿನಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಮಿನೋ ಆಮ್ಲದಿಂದ ದೇಹವೇ ನಯಾಸಿನ್ ತಯಾರಿಸಿಕೊಳ್ಳುತ್ತದೆ, 60 ಮಿಲಿಗ್ರಾಂ ಟ್ರಿಪ್ಟೋಫ್ಯಾನಿಗೆ 1 ಮಿಲಿಗ್ರಾಂ ನಯಾಸಿನ್ ಎಂಬ ಲೆಕ್ಕದಲ್ಲಿ. ಈ ತಯಾರಿಗೆ ವಿಟಮಿನ್ ಬಿ2, ಬಿ6 ಮತ್ತು ಕಬ್ಬಿಣವೂ ಬೇಕು. ರ‍್ಯಾಂಕಿನ್ ಊಟ ಎರಡೂ ದಾರಿ ಮುಚ್ಚಿತ್ತು. ಮೆಕ್ಕೆಜೋಳದ ನಯಾಸಿನ್ನಿನ ಬಹುಪಾಲು ಬೇರೆ ವಸ್ತುಗಳಿಗೆ ಅಂಟಿಕೊಂಡಿದ್ದು ಕರುಳಿಗೆ ದಕ್ಕುವುದಿಲ್ಲ. ಅದರ ಮುಖ್ಯ ಪ್ರೋಟೀನಿನಲ್ಲಿ ಟ್ರಿಪ್ಟೋಫ್ಯಾನ್ ಇಲ್ಲವೆಂದೇ ಹೇಳಬೇಕು. ಬಿಳಿ ಅಕ್ಕಿ, ಮೈದಾ ಗಿರಣಿಯಲ್ಲೇ ಸತ್ವ ಕಳೆದುಕೊಂಡು ಬಂದಿದ್ದವು. ಹುರಿದ ಕಾಫಿ ಬೀಜದಲ್ಲಿ ಅಷ್ಟಿಷ್ಟು ನಯಾಸಿನ್ ಉಂಟು, ಆದರೆ ಅದು ಸಾಲುವಷ್ಟಲ್ಲ.

ನಯಾಸಿನ್ನಿನಿಂದ ದೇಹ ಎನ್‌ಎಡಿ ಎಂಬ ಸಹಕಿಣ್ವ ಮಾಡಿಕೊಳ್ಳುತ್ತದೆ. ಜೀವಕೋಶ ಆಹಾರವನ್ನು ಶಕ್ತಿಯಾಗಿ ಬದಲಿಸಲು ಅದು ಬೇಕು, ಬಿಸಿಲಿನ ನೇರಳಾತೀತ ಕಿರಣದಿಂದ ಕೆಟ್ಟ ಡಿಎನ್‌ಎ ರಿಪೇರಿ ಮಾಡಲೂ ಬೇಕು. ಚರ್ಮ, ಬಾಯಿ, ಕರುಳಿನ ಒಳಪದರಗಳ ಕೋಶಗಳು ಬೇಗಬೇಗ ಹುಟ್ಟಿ ಸಾಯುವಂಥವು, ಆದ್ದರಿಂದ ಕೊರತೆ ಅಲ್ಲಿ ಮೊದಲು ಎದ್ದು ಕಾಣುತ್ತದೆ. ಬಿಸಿಲು ಬೀಳುವ ಹಿಂಗೈ, ಮುಂದೋಳು, ಪಾದದ ಮೇಲ್ಭಾಗ, ಕೊರಳು, ಮುಖದಲ್ಲಿ ರಿಪೇರಿಯ ಕೆಲಸ ಹೆಚ್ಚು, ಸಾಮಗ್ರಿ ಇಲ್ಲ. ಬಟ್ಟೆಯೊಳಗಿನ ವೃಷಣಚೀಲದಂಥ ಕಡೆ ಬಿಸಿಲಿನ ಬದಲು ತಿಕ್ಕಾಟ ಇರುತ್ತದೆ.

ನೋಡಿದರೆ ಮೊದಲು ಬಿಸಿಲಿಗೆ ಸುಟ್ಟಂತೆ ಕಾಣುತ್ತದೆ: ಕೆಂಪು, ಉರಿ, ಕೆಲವೊಮ್ಮೆ ಬೊಬ್ಬೆ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಕಾಣದೆ ನೇರ ಕಪ್ಪಾಗುವುದೇ ಹೆಚ್ಚು. ಬಿಸಿಲಿನ ಸುಟ್ಟ ಗಾಯ ಕೆಲವು ದಿನದಲ್ಲಿ ಮಾಯುತ್ತದೆ, ಇದು ಮಾಯುವುದಿಲ್ಲ. ದಪ್ಪಗಾಗುತ್ತದೆ, ಒಣಗಿ ಮಿರುಗುತ್ತದೆ, ಬಿರುಕು ಬಿಟ್ಟು ಹೊಟ್ಟು ಏಳುತ್ತದೆ. ಕೆಟ್ಟ ಚರ್ಮಕ್ಕೂ ಸರಿಯಿರುವ ಚರ್ಮಕ್ಕೂ ನಡುವೆ ಗೆರೆ ಎಳೆದಂತೆ ಅಂಚು ಇರುತ್ತದೆ, ಕೈಗವಸು ತೊಟ್ಟ ಹಾಗೆ.

ಮೆಕ್ಸಿಕೊ ಮತ್ತು ದಖ್ಖನ್

ಮೆಕ್ಕೆಜೋಳದ ತವರಾದ ಮೆಕ್ಸಿಕೊದಲ್ಲಿ ಸಾವಿರಾರು ವರ್ಷಗಳಿಂದ ಅದೇ ಮುಖ್ಯ ಆಹಾರ. ಅಲ್ಲಿ ಪೆಲ್ಲಾಗ್ರ ಪಿಡುಗಾಗಲಿಲ್ಲ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತಿಕ್ಕಿ ತೊಳೆದು ರುಬ್ಬುತ್ತಾರೆ. ಸುಣ್ಣದ ಕ್ಷಾರ ಅಂಟಿಕೊಂಡ ನಯಾಸಿನ್ನನ್ನು ಬಿಡಿಸಿಕೊಡುತ್ತದೆ. ಜೊತೆಗೆ ಬೀನ್ಸ್ ಕಾಳು ತಿನ್ನುವುದು ರೂಢಿ. ಐರೋಪ್ಯರು ಕಾಳನ್ನು ಹಡಗಿಗೆ ಹಾಕಿಕೊಂಡರು, ಅಡುಗೆಮನೆಯ ಈ ತಿಳಿವಳಿಕೆಯನ್ನು ಅಲ್ಲೇ ಬಿಟ್ಟು ಬಂದರು.

ದಖ್ಖನಿನ ಕಥೆ ಬೇರೆ. ಇಲ್ಲಿ ಪೆಲ್ಲಾಗ್ರ ಕಂಡದ್ದು ಬಿಳಿಜೋಳ ಉಣ್ಣುವ ಬಡವರಲ್ಲಿ, ಹೈದರಾಬಾದಿನ ಸುತ್ತಮುತ್ತ. ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿಕೊಂಡ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಇದರ ಬಗ್ಗೆ ಬರೆದರು. ಜೋಳದಲ್ಲಿ ಲೂಸೀನ್ ಎಂಬ ಅಮಿನೋ ಆಮ್ಲ ಹೆಚ್ಚು, ಅದು ಟ್ರಿಪ್ಟೋಫ್ಯಾನಿನಿಂದ ನಯಾಸಿನ್ ಆಗುವ ದಾರಿಗೆ ಅಡ್ಡ ಬರುತ್ತದೆ ಎಂಬುದು ಅವರ ವಿವರಣೆ. ಇದರ ಬಗ್ಗೆ ಮುಂದೆ ವಾದ ಬೆಳೆಯಿತು, ವಿಟಮಿನ್ ಬಿ6ನ ಪಾತ್ರವೂ ಚರ್ಚೆಗೆ ಬಂತು.

ಇದನ್ನು ಓದಿ ಯಾರಾದರೂ ರೊಟ್ಟಿ ಬಿಟ್ಟರೆ ಅದು ದೊಡ್ಡ ತಪ್ಪು. ತೊಂದರೆ ಜೋಳದ್ದಲ್ಲ, ಜೋಳವೊಂದೇ ಇರುವ ತಟ್ಟೆಯದು. ವಿಜಯಪುರ, ಕಲಬುರಗಿ ಕಡೆಯ ಸರಿಯಾದ ಊಟ ನೋಡಿ: ರೊಟ್ಟಿ, ಮಡಿಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. 30 ಗ್ರಾಂ ಶೇಂಗಾ, ಅಂದರೆ ಒಂದು ಹಿಡಿ, ಟ್ರಿಪ್ಟೋಫ್ಯಾನಿನ ಪಾಲೂ ಸೇರಿ ಸುಮಾರು 5 ಮಿಲಿಗ್ರಾಂ ನಯಾಸಿನ್ ಕೊಡುತ್ತದೆ. 50 ಗ್ರಾಂ ಬೇಳೆ ಅಥವಾ ಕಾಳಿನಿಂದ 3ರ ಆಸುಪಾಸು, ಅರ್ಧ ಲೀಟರ್ ಹಾಲಿನಿಂದ ಮೂರೂವರೆ, ಒಂದು ಮೊಟ್ಟೆಯಿಂದ ಒಂದಕ್ಕಿಂತ ಕೊಂಚ ಹೆಚ್ಚು, 100 ಗ್ರಾಂ ಕೋಳಿಮಾಂಸದಿಂದ 10ಕ್ಕೂ ಮಿಕ್ಕಿ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 14ರಿಂದ 16 ಮಿಲಿಗ್ರಾಂ. ಶೇಂಗಾ, ಕಾಳು, ಮೊಸರು ಜೊತೆಗಿದ್ದರೆ ರೊಟ್ಟಿ ಉಣ್ಣುವವರಿಗೆ ಈ ಕಾಯಿಲೆಯ ಭಯವಿಲ್ಲ. ಬರೀ ರೊಟ್ಟಿ, ಖಾರಪುಡಿ, ಉಳ್ಳಾಗಡ್ಡಿಯಲ್ಲಿ ತಿಂಗಳುಗಟ್ಟಲೆ ದಿನ ನೂಕುವ ಕೂಲಿಯವರಿಗೆ ಇದೆ.

ಇಂದು ಇಂಥ ಚರ್ಮ ಎದುರಿಗೆ ಬಂದರೆ

ಈಗ ಪೆಲ್ಲಾಗ್ರ ಅಪರೂಪ, ಹಾಗಾಗಿಯೇ ಕಣ್ಣು ತಪ್ಪುತ್ತದೆ. ಹೆಚ್ಚಾಗಿ ಬರುವವರು ಊಟ ಬಿಟ್ಟು ಕುಡಿಯುವವರು. ಅವರ ನಂತರ ಕ್ಷಯಕ್ಕೆ ಐಸೋನಿಯಾಜಿಡ್ ನುಂಗುತ್ತಿರುವ ಬಡಕಲು ರೋಗಿಗಳು, ಹಳೆಯ ಕರುಳುಬೇನೆಯವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ತೂಕ ಇಳಿಸಲು ತಿಂಗಳುಗಟ್ಟಲೆ ಎರಡು ಮೂರು ಪದಾರ್ಥದಲ್ಲೇ ಇರುವವರು, ಒಂಟಿಯಾಗಿ ಚಹಾ ಬ್ರೆಡ್ಡಿನಲ್ಲಿ ಬದುಕುವ ವೃದ್ಧರು.

ಎರಡೂ ಕೈಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಸಿಮೆಂಟ್ ಕೆಲಸದವರ ಅಲರ್ಜಿಯಲ್ಲಿ ಅಂಗೈ, ಬೆರಳ ಸಂದಿಗಳೂ ಕೆಡುತ್ತವೆ, ಒಂದು ಕೈ ಹೆಚ್ಚು ಒಂದು ಕೈ ಕಡಿಮೆ ಇರಬಹುದು. ಪೆಲ್ಲಾಗ್ರದಲ್ಲಿ ಹಿಂಗೈ ಕೆಟ್ಟು ಅಂಗೈ ಸಾಮಾನ್ಯವಾಗಿ ಉಳಿಯುತ್ತದೆ, ಎರಡೂ ಕಡೆ ಒಂದೇ ಸಮ. ಗಡಿಯಾರದ ಪಟ್ಟಿ, ಚಪ್ಪಲಿಯ ಪಟ್ಟಿಯ ಅಡಿಯ ಚರ್ಮ ಚೆನ್ನಾಗಿದ್ದರೆ ಬಿಸಿಲಿನ ಪಾತ್ರವಿದೆ ಎಂದರ್ಥ. ಅಂಗಿಯ ಮೇಲಿನ ಗುಂಡಿ ಬಿಚ್ಚಿಸಿ ಕೊರಳು ನೋಡಬೇಕು. ಮೊಣಕೈ, ಮೊಣಕಾಲಲ್ಲಿ ಮುಳ್ಳು ಮುಳ್ಳಾದ ಗುಳ್ಳೆಗಳಿದ್ದರೆ ಅದು ಕಪ್ಪೆಚರ್ಮ ಎಂಬ ಇನ್ನೊಂದು ಕೊರತೆ, ಎ ಮತ್ತು ಬಿ ವಿಟಮಿನ್ನುಗಳು, ಅವಶ್ಯಕ ಕೊಬ್ಬಿನಾಮ್ಲಗಳ ಅಭಾವಕ್ಕೆ ಸಂಬಂಧಿಸಿದ್ದು. ಬಾಯಿ ಮತ್ತು ಗುದದ ಸುತ್ತ ಹುಣ್ಣಾಗಿದ್ದರೆ ಸತು ಕಡಿಮೆಯಿದೆಯೇ ಎಂದು ಯೋಚಿಸಬೇಕು. ಕೆನ್ನೆಯ ಮೇಲೆ ಕೆಂಪು ಮತ್ತು ಕೀಲುನೋವು ಜೊತೆಗಿದ್ದರೆ ಲೂಪಸ್ ಪರೀಕ್ಷೆ ಬೇಕು, ಅದು ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ.

ನಾಲಿಗೆ ಚಾಚಿಸಿ. ಕೆಂಪಗೆ, ನುಣ್ಣಗೆ, ಉರಿಯುವ ನಾಲಿಗೆ ದೊಡ್ಡ ಸುಳಿವು. ಭೇದಿ ಇದೆಯೇ, ನಿದ್ದೆ ಬರುತ್ತದೆಯೇ, ಮನೆಯವರ ಮೇಲೆ ವಿನಾಕಾರಣ ರೇಗಾಟ, ಮರೆವು ಇದೆಯೇ ಎಂದು ಜೊತೆಗೆ ಬಂದವರನ್ನು ಕೇಳಬೇಕು. ಚರ್ಮ, ಭೇದಿ, ಬುದ್ಧಿಭ್ರಮೆ ಮೂರೂ ಸೇರಿ ಬರಲಿ ಎಂದು ಕಾಯುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. ರ‍್ಯಾಂಕಿನ್‌ನಲ್ಲಿ ಕಂಡಂತೆ ಚರ್ಮ ಒಂದೇ ಸಾಕ್ಷಿಯಾಗಿರಬಹುದು. 'ಊಟ ಸರಿಯಾಗಿ ಮಾಡ್ತೀರಾ' ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. 'ನಿನ್ನೆ ಬೆಳಿಗ್ಗೆ ಏನು ತಿಂದ್ರಿ, ಮಧ್ಯಾಹ್ನ ಏನು, ಹಾಲು ಎಷ್ಟು, ಕಾಳು ಹೋದ ವಾರ ಎಷ್ಟು ಸಲ' ಎಂದು ಕೇಳಬೇಕು.

ಚಿಕಿತ್ಸೆ ದುಬಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ, ವಿಟಮಿನ್ ಬಿ3ರ ಇನ್ನೊಂದು ರೂಪವಾದ ನಿಕೋಟಿನಮೈಡ್ ದಿನಕ್ಕೆ 300 ಮಿಲಿಗ್ರಾಂ, ಭಾಗ ಮಾಡಿ, ಬಾಯಿಯ ಮೂಲಕ, 3ರಿಂದ 4 ವಾರ. ನಿಕೋಟಿನಿಕ್ ಆಮ್ಲ ಕೊಟ್ಟರೆ ಮೈಯೆಲ್ಲ ಬಿಸಿಯೇರಿ ಕೆಂಪಾಗುತ್ತದೆ, ಹೆದರಿದ ರೋಗಿ ಮಾತ್ರೆ ಬಿಡುತ್ತಾನೆ. ನಿಕೋಟಿನಮೈಡ್‌ನಲ್ಲಿ ಆ ತೊಂದರೆ ಇಲ್ಲ. ಒಂದು ವಿಟಮಿನ್ ಕಡಿಮೆಯಿದ್ದಲ್ಲಿ ಉಳಿದವೂ ಕಡಿಮೆ ಇರುತ್ತವೆ, ಆದ್ದರಿಂದ ಬಿ-ಕಾಂಪ್ಲೆಕ್ಸ್ ಜೊತೆಗಿರಲೇಬೇಕು. ಕುಡಿತದವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡದಿದ್ದರೆ ಮಿದುಳಿಗೆ ಅಪಾಯ. ಕ್ಷಯದ ಮಾತ್ರೆಯನ್ನು ವೈದ್ಯರ ಅಪ್ಪಣೆ ಇಲ್ಲದೆ ನಿಲ್ಲಿಸಕೂಡದು. ಇದೆಲ್ಲ ವೈದ್ಯರ ಕೈಯಲ್ಲಿ ಆಗಬೇಕಾದ ಕೆಲಸ, ಔಷಧದಂಗಡಿಯಲ್ಲಿ ಕೇಳಿ ಪಡೆಯುವುದಲ್ಲ.

ಚರ್ಮಕ್ಕೆ ಮೇಲಿನಿಂದ ಸಾದಾ ವ್ಯಾಸಲೀನ್, ತುಂಬುತೋಳಿನ ಅಂಗಿ, ನೆರಳು ಸಾಕು. ಬಹಳ ಮಂದಿ ವೈದ್ಯರ ಬಳಿ ಬರುವ ಮೊದಲೇ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮುಲಾಮು ಹಚ್ಚಿರುತ್ತಾರೆ. ಉರಿ ಎರಡು ದಿನ ತಗ್ಗಿದಂತಾಗಿ, ಮೊದಲೇ ಸೊರಗಿದ ಚರ್ಮ ಇನ್ನೂ ತೆಳುವಾಗಿ ಹರಿಯುತ್ತದೆ.

ರೋಗನಿರ್ಣಯ ಸರಿಯಿದ್ದರೆ ನಾಲಿಗೆಯ ಉರಿ, ಚರ್ಮದ ಕೆಂಪು ಒಂದೆರಡು ದಿನದಲ್ಲೇ ಇಳಿಯುತ್ತವೆ. ರಕ್ತಪರೀಕ್ಷೆಯ ಸೌಲಭ್ಯ ಇಲ್ಲದಲ್ಲಿ ಇದೇ ಒಳ್ಳೆಯ ಪುರಾವೆ. ವಾರದೊಳಗೆ ನಿದ್ದೆ, ಹಸಿವು ಮರಳುತ್ತವೆ. ಕಪ್ಪಾದ ದಪ್ಪ ಚರ್ಮ ಕಳಚಿ ಕೆಳಗಿನಿಂದ ಹೊಸದು ಬರಲು ಮೂರು ನಾಲ್ಕು ವಾರ ಬೇಕು, ಕಲೆ ಇನ್ನೂ ಕೆಲವು ತಿಂಗಳು ಉಳಿಯಬಹುದು. ಈ ಅವಧಿ ಮುಗಿಯುವುದರೊಳಗೆ ದಿನವೂ ಒಂದು ಹಿಡಿ ಶೇಂಗಾ, ಎರಡು ಹೊತ್ತು ಬೇಳೆ ಅಥವಾ ಕಾಳು, ಸಾಧ್ಯವಿದ್ದರೆ ಹಾಲು, ಮೊಟ್ಟೆ ಮನೆಯ ಊಟದಲ್ಲಿ ನೆಲೆ ನಿಲ್ಲಬೇಕು. ಗುಣವಾಯಿತೆಂದು ಮಾತ್ರೆ ನಿಲ್ಲಿಸಿ ಹಳೆಯ ಊಟಕ್ಕೋ ಹಳೆಯ ಕುಡಿತಕ್ಕೋ ಮರಳಿದವರ ಹಿಂಗೈಯಲ್ಲಿ, ಮುಂದಿನ ಬೇಸಗೆಯ ಬಿಸಿಲು ಏರುತ್ತಿದ್ದಂತೆ, ಅದೇ ಅಂಚು ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ.